ಮಗಳು ಕಾಲೇಜು ಸಾಕರ್ ಕೋಚ್ ಆಗಬೇಕೆನ್ನುತ್ತಿದ್ದಾಳೆ: ದಾರಿ ಹೇಗಿರುತ್ತದೆ?

ಪ್ರಶ್ನೆ: ಕ್ಯಾರಿಯ ತಂದೆ

ಎಲ್ಲರಿಗೂ ನಮಸ್ಕಾರ. ನಾವು ಇಪ್ಪತ್ತೆರಡು ವರ್ಷಗಳಿಂದ ಉತ್ತರ ಕೆರೊಲಿನಾದ ಕ್ಯಾರಿಯಲ್ಲಿದ್ದೇವೆ. ಮಗಳು ಡಿವಿಷನ್ 3ರ (ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಮೂರನೆಯದು; ಡಿವಿಷನ್ 1 ಮೇಲಿನದು) ಸಣ್ಣ ಕಾಲೇಜೊಂದರಲ್ಲಿ ಜೀವಶಾಸ್ತ್ರ ಓದುತ್ತ ಅಲ್ಲಿನ ಮಹಿಳಾ ಸಾಕರ್ (ಫುಟ್‌ಬಾಲ್) ತಂಡದಲ್ಲಿ ನಾಲ್ಕು ವರ್ಷ ಆಡಿದ್ದಾಳೆ. ಬರುವ ಮೇ ತಿಂಗಳಲ್ಲಿ ಪದವಿ ಮುಗಿಯುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುತ್ತಾಳೆಂದೇ ನಾವು ತಿಳಿದಿದ್ದೆವು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದವಳು ಊಟದ ನಡುವೆ, ತಾನು ಕಾಲೇಜು ತಂಡದ ಕೋಚ್ ಆಗುತ್ತೇನೆ ಎಂದು ತಣ್ಣಗೆ ಹೇಳಿದಳು. ಬಡಿಸುತ್ತಿದ್ದ ನನ್ನ ಪತ್ನಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

ನಾನು ಸಾಫ್ಟ್‌ವೇರ್‌ನವನು. ನಮ್ಮ ಕ್ಷೇತ್ರದಲ್ಲಿ ಯಾವ ಹುದ್ದೆಯ ನಂತರ ಯಾವುದು ಎಂಬುದು ಸ್ವಲ್ಪಮಟ್ಟಿಗೆ ಗೊತ್ತಿರುತ್ತದೆ. ಈ ವೃತ್ತಿಯಲ್ಲಿ ಮೊದಲ ಮೆಟ್ಟಿಲು ಯಾವುದು, ರಾಷ್ಟ್ರಮಟ್ಟದಲ್ಲಿ ಆಡದವಳಿಗೆ ಅವಕಾಶವಿದೆಯೇ, ಹೊಟ್ಟೆಪಾಡು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಒಂಬತ್ತು ವರ್ಷದ ಸಹಾಯಕ

ಮಾನ್ಯರೇ, ನಾನು ಡಿವಿಷನ್ 2ರಲ್ಲಿ ನಾಲ್ಕು, ಡಿವಿಷನ್ 1ರಲ್ಲಿ ಐದು ವರ್ಷ ಸಹಾಯಕ ಕೋಚ್ ಆಗಿ ಕೆಲಸ ಮಾಡಿದ್ದೇನೆ. ತಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದೊಡ್ಡ ಆಟಗಾರ್ತಿಯಾಗಿರಬೇಕೆಂದೇನೂ ಇಲ್ಲ. ಅಮೆರಿಕದ ಮಹಿಳಾ ತಂಡಕ್ಕೆ 2015 ಮತ್ತು 2019ರ ವಿಶ್ವಕಪ್ ಗೆಲ್ಲಿಸಿಕೊಟ್ಟ ಜಿಲ್ ಎಲಿಸ್ ರಾಷ್ಟ್ರೀಯ ತಂಡಕ್ಕೆ ಆಡಿದವರಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ನಿಮ್ಮ ಪಕ್ಕದ ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತ ಸಹಾಯಕ ಕೋಚ್ ಆದರು. ನಡುವೆ ಒಂದು ಟೆಲಿಕಾಂ ಕಂಪನಿಯಲ್ಲಿ ತಾಂತ್ರಿಕ ಬರಹಗಾರ್ತಿಯಾಗಿಯೂ ದುಡಿದು, ಅದನ್ನು ಬಿಟ್ಟು ಮತ್ತೆ ಮೈದಾನಕ್ಕೆ ಮರಳಿ ಮೇರಿಲ್ಯಾಂಡ್, ವರ್ಜೀನಿಯಾ ವಿಶ್ವವಿದ್ಯಾಲಯಗಳಲ್ಲಿ ಸಹಾಯಕಿಯಾಗಿ, ಇಲಿನಾಯ್‌ನಲ್ಲಿ ಮೊದಲ ಬಾರಿಗೆ ಮುಖ್ಯ ಕೋಚ್ ಆಗಿ, 1999ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. ಕಂಪನಿ ಕೆಲಸ ಬಿಟ್ಟು ಸಹಾಯಕ ಕೋಚ್ ಹುದ್ದೆಗೆ ಹೋದ ಮಗಳನ್ನು ಕಂಡು ಅವರ ಮನೆಯವರಿಗೂ ತಮ್ಮಂತೆಯೇ ಅನಿಸಿದ್ದರೆ ಆಶ್ಚರ್ಯವಿಲ್ಲ.

ಮೊದಲ ಮೆಟ್ಟಿಲು ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ: ಸ್ನಾತಕೋತ್ತರ ಓದಿನ ಶುಲ್ಕ ಪೂರ್ತಿಯಾಗಿಯೋ ಭಾಗಶಃವೋ ಮನ್ನಾ, ಜೊತೆಗೆ ಸಣ್ಣದೊಂದು ಸ್ಟೈಪೆಂಡ್. ಹಿಂದೆ ಡಿವಿಷನ್ 1ರಲ್ಲಿ ಸಂಬಳವೇ ಇಲ್ಲದ ‘ವಾಲಂಟಿಯರ್ ಕೋಚ್’ ಎಂಬ ಹುದ್ದೆಯೂ ಇತ್ತು; 2023ರ ಜುಲೈಯಿಂದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಅದನ್ನು ತೆಗೆದುಹಾಕಿತು. ಲೈಸೆನ್ಸ್ ವಿಷಯದಲ್ಲಿ ತಡಮಾಡಬಾರದು. ಅಮೆರಿಕದ ಸಾಕರ್ ಒಕ್ಕೂಟವಾದ ಯುಎಸ್ ಸಾಕರ್‌ನ ಗ್ರಾಸ್‌ರೂಟ್ಸ್ (ತಳಹಂತದ) ಕೋರ್ಸ್‌ಗಳಿಂದ ಆರಂಭಿಸಿ ಡಿ, ಸಿ, ಬಿ, ಎ ಎಂದು ಏರಬೇಕು. ಪದವಿ ಮುಗಿಯುವುದರೊಳಗೆ ಡಿ ಮುಗಿಸಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಆದರೆ ಯಾವ ಕೋರ್ಸ್‌ನಲ್ಲೂ ಸರಿಯಾಗಿ ಕಲಿಸದ ಸಂಗತಿಯೆಂದರೆ ರಿಕ್ರೂಟಿಂಗ್, ಅಂದರೆ ಹೈಸ್ಕೂಲಿನ ಆಟಗಾರ್ತಿಯರನ್ನು ಹುಡುಕಿ, ಒಪ್ಪಿಸಿ, ಕಾಲೇಜಿಗೆ ಕರೆತರುವ ಕೆಲಸ. ಕೋಚ್ ಎಂದರೆ ಕೊರಳಲ್ಲಿ ಸೀಟಿ, ಕೈಯಲ್ಲಿ ಚೆಂಡು ಎಂದು ನಾನೂ ತಿಳಿದಿದ್ದೆ. ನನ್ನ ಮೊದಲ ವಾರಾಂತ್ಯ ಕಳೆದದ್ದು ಒಂದು ಕ್ಲಬ್ ಟೂರ್ನಮೆಂಟಿನಲ್ಲಿ, ಮಡಿಸುವ ಕುರ್ಚಿಯ ಮೇಲೆ, ಮಳೆಗೆ ಒದ್ದೆಯಾದ ಹೆಸರುಪಟ್ಟಿಯಲ್ಲಿ ಜೆರ್ಸಿ ಸಂಖ್ಯೆಗಳ ಮುಂದೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ. 14ನೇ ಸಂಖ್ಯೆಯ ಹುಡುಗಿ ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುತ್ತಾಳೋ, ಕೈಚೆಲ್ಲಿ ನಿಲ್ಲುತ್ತಾಳೋ ಎಂಬುದನ್ನು ನೋಡಲೆಂದೇ ಮುಖ್ಯ ಕೋಚ್ ನನ್ನನ್ನು ಐದು ಗಂಟೆ ದೂರ ಕಳಿಸಿದ್ದರು. ಡಿವಿಷನ್ 1ರ ನಿಯಮದಂತೆ ಹೈಸ್ಕೂಲಿನ ಎರಡನೆಯ ವರ್ಷ ಮುಗಿದ ನಂತರದ ಜೂನ್ 15ಕ್ಕೆ ಮೊದಲು ನಾವು ಆಟಗಾರ್ತಿಗೆ ಫೋನ್ ಮಾಡುವಂತಿಲ್ಲ. ಆ ದಿನ ಬಂತೆಂದರೆ ಮದುವೆಮನೆಯ ಗಡಿಬಿಡಿ. ಮುಖ್ಯ ಕೋಚ್ ಹುದ್ದೆಯ ಸಂದರ್ಶನದಲ್ಲಿ ಕೇಳುವುದೂ ಇದನ್ನೇ: ಯಾರನ್ನು ಕರೆತಂದಿದ್ದೀರಿ, ಅವರು ನಾಲ್ಕು ವರ್ಷ ಉಳಿದರೇ?

ಉತ್ತರ 2: ಮಂಗಳೂರಿನವ, ಈಗ ಒಹಾಯೊ

ಮೇಲಿನ ಉತ್ತರಕ್ಕೆ ನನ್ನದೊಂದು ಸೇರ್ಪಡೆ. ನಾನು ವಿದ್ಯಾರ್ಥಿ ವೀಸಾದಲ್ಲಿ ಬಂದು ಎರಡು ವರ್ಷ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿದ್ದೆ. ಕಾಗದದ ಮೇಲೆ ವಾರಕ್ಕೆ 20 ಗಂಟೆಯ ಕೆಲಸ. ಋತುವಿನಲ್ಲಿ, ಅಂದರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಆ ಗಡಿಯೊಳಗೆ ಕೆಲಸ ಮುಗಿಯುವಂತೆ ನೋಡಿಕೊಳ್ಳುವುದೇ ಒಂದು ಹೋರಾಟ. ಪಂದ್ಯದ ವಿಡಿಯೊ ಕತ್ತರಿಸುವುದು, ಬಿಬ್‌ಗಳನ್ನು (ಅಭ್ಯಾಸದಲ್ಲಿ ಜೆರ್ಸಿಯ ಮೇಲೆ ತೊಡುವ ಬಣ್ಣದ ಅಂಗಿ) ಒಗೆಯಲು ಹಾಕುವುದು, ಬಸ್ಸಿನಲ್ಲಿ ಹಂಚುವ ಸ್ಯಾಂಡ್‌ವಿಚ್‌ಗಳಲ್ಲಿ ಮಾಂಸವಿಲ್ಲದವು ಎಷ್ಟು ಎಂದು ಎಣಿಸುವುದು, ಎಲ್ಲವೂ ನನ್ನ ಪಾಲಿಗೆ. (ಕೊನೆಯದಕ್ಕೆ ನನ್ನನ್ನು ಆರಿಸಿದ್ದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.) ನಾನು ಮೊದಲಿದ್ದ ಕಾಲೇಜಿನಲ್ಲಿ ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥರು) ಬದಲಾದರು, ಮರುವರ್ಷವೇ ಮುಖ್ಯ ಕೋಚ್ ಹೋದರು, ಅವರ ಹಿಂದೆ ಸಹಾಯಕರೆಲ್ಲರೂ ಹೊರಬಿದ್ದೆವು. ತಂಡ ಸೋತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ತಮ್ಮ ಮಗಳಿಗೆ ವೀಸಾದ ತೊಡಕಿಲ್ಲ ಎಂದುಕೊಳ್ಳುತ್ತೇನೆ. ಊರಿನಿಂದ ಇದೇ ಆಸೆ ಹೊತ್ತು ಬರುವವರು ಗಮನಿಸಬೇಕಾದದ್ದು: ಕ್ರೀಡಾ ನಿರ್ವಹಣೆಯಂಥ ಪದವಿಗೆ ಸಾಮಾನ್ಯವಾಗಿ ಓದಿನ ನಂತರ ಹನ್ನೆರಡು ತಿಂಗಳ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಮಾತ್ರ, ವಿಜ್ಞಾನ, ಎಂಜಿನಿಯರಿಂಗ್‌ನವರಿಗಿರುವ ಇಪ್ಪತ್ತನಾಲ್ಕು ತಿಂಗಳ ವಿಸ್ತರಣೆ ಸಿಗದು.

ಉತ್ತರ 3: ಡಿವಿಷನ್ 3ರ ಪರವಾಗಿ

ಇಬ್ಬರೂ ಡಿವಿಷನ್ 1ನ್ನೇ ಶಿಖರವೆಂದು ಹಿಡಿದು ಬರೆದಿದ್ದಾರೆ; ನನ್ನ ಅಭಿಪ್ರಾಯ ಬೇರೆ. ಡಿವಿಷನ್ 3ರಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ, ಆದ್ದರಿಂದ ಹಣದ ಆಮಿಷವಿಲ್ಲದೆ ಕಾಲೇಜಿನ ಓದನ್ನೇ ಮುಂದಿಟ್ಟು ಹುಡುಗಿಯರನ್ನು ಒಪ್ಪಿಸಬೇಕಾಗುತ್ತದೆ. ಈ ವಿದ್ಯೆ ತಮ್ಮ ಮಗಳಿಗೆ ಈಗಾಗಲೇ ಒಳಗಿನಿಂದ ಗೊತ್ತು. ಅಲ್ಲಿ ಕೋಚ್‌ಗೆ ಇನ್ನೊಂದು ಹೊಣೆಯನ್ನೂ ಅಂಟಿಸುತ್ತಾರೆ ಎಂಬುದು ನಿಜ, ಆದರೆ ಅದು ಹೊಸತೇನಲ್ಲ: ಮುಂದೆ ಅಮೆರಿಕದ ಪುರುಷರ ತಂಡಕ್ಕೆ ಕೋಚ್ ಆದ ಬ್ರೂಸ್ ಅರೀನಾ 1978ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬಂದಾಗ ಸಾಕರ್ ತಂಡದ ಮುಖ್ಯ ಕೋಚ್ ಆಗಿರುವುದರ ಜೊತೆಗೆ ಲಕ್ರಾಸ್ (ಬಲೆಯ ಕೋಲಿನಿಂದ ಚೆಂಡಾಡುವ ಆಟ) ತಂಡಕ್ಕೂ ಸಹಾಯಕರಾಗಿದ್ದರು.

ತಾಳ್ಮೆಯ ಉದಾಹರಣೆಯಂತೂ ನಿಮ್ಮ ಮನೆಯ ಹತ್ತಿರವೇ ಇದೆ. ಮುಂಬಯಿಯಲ್ಲಿ ಹುಟ್ಟಿದ ಆನ್ಸನ್ ಡೊರೆನ್ಸ್ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1979ರಿಂದ ನಡೆಸಿ, 21 ಎನ್‌ಸಿಎಎ ಪ್ರಶಸ್ತಿ ಗೆದ್ದು, 2024ರ ಆಗಸ್ಟ್‌ನಲ್ಲಿ ಋತು ಆರಂಭವಾಗುವ ಹೊತ್ತಿಗೆ ನಿವೃತ್ತರಾದರು. ವರ್ಷಗಟ್ಟಲೆ ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ತಾತ್ಕಾಲಿಕವಾಗಿ ಹೊಣೆ ಹೊತ್ತು, ಅದೇ ಡಿಸೆಂಬರ್‌ನಲ್ಲಿ ನಿಮ್ಮ ಕ್ಯಾರಿಯ ಮೈದಾನದಲ್ಲೇ ಪ್ರಶಸ್ತಿ ಗೆದ್ದರು.

ಪ್ರಶ್ನೆ ಕೇಳಿದವರು: ಕ್ಯಾರಿಯ ತಂದೆ

ಮೂವರಿಗೂ ಕೃತಜ್ಞತೆಗಳು. ಆ ಫೈನಲ್‌ಗೆ ಮಗಳು ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಎಲ್ಲರೂ ಚೆಂಡನ್ನು ನೋಡುತ್ತಿದ್ದರೆ ಇವಳು ಬೆಂಚಿನ ಕಡೆ ನೋಡುತ್ತ ಫೋನಿನಲ್ಲಿ ಏನೋ ಟಿಪ್ಪಣಿ ಬರೆಯುತ್ತಿದ್ದಳು. ಆಟ ಬೇಸರವಾಗಿರಬೇಕೆಂದು ನಾನು ಪಾಪ್‌ಕಾರ್ನ್ ತರಲು ಎದ್ದುಹೋಗಿದ್ದೆ. ಡಿ ಲೈಸೆನ್ಸಿನ ತರಗತಿ ಎಲ್ಲಿ ನಡೆಯುತ್ತದೆಂದು ಇಂದೇ ವಿಚಾರಿಸುತ್ತೇನೆ. ಜನವರಿಯಲ್ಲಿ ನಡೆಯುವ, ಕೋಚ್‌ಗಳ ಸಂಘವಾದ ಯುನೈಟೆಡ್ ಸಾಕರ್ ಕೋಚಸ್‌ನ ಸಮ್ಮೇಳನಕ್ಕೆ ಕೆಲಸ ಹುಡುಕುವವರು ಹೋಗುತ್ತಾರಂತೆ. ಇನ್ನೂ ಓದುತ್ತಿರುವವಳು ಅಲ್ಲಿಗೆ ಹೋಗುವುದರಿಂದ ಉಪಯೋಗವಿದೆಯೇ?

ಒಂಬತ್ತು ವರ್ಷದ ಸಹಾಯಕ

ಖಂಡಿತ ಇದೆ. ನನಗೆ ಮೊದಲ ಕೆಲಸ ಸಿಕ್ಕಿದ್ದು ಆ ಸಮ್ಮೇಳನದ ಕಾಫಿ ಸಾಲಿನಲ್ಲಿ. ಅವಳ ಈಗಿನ ಕೋಚ್ ಹೋಗುವುದಾದರೆ ಅವರ ಜೊತೆಯಲ್ಲೇ ಹೋಗಲಿ.