ಆಂಬುಲೆನ್ಸ್ ಪ್ರತಿಷ್ಠಾನದ ಪತ್ರ: ಭಾನುವಾರದ ಸಭೆಗೆ ಮುನ್ನ ಅಭಿಪ್ರಾಯ ತಿಳಿಸಿ

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಐದನೇ ಅಡ್ಡರಸ್ತೆಯ ಹಿರಿಯರಿಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ನಮ್ಮ ಬಡಾವಣೆಯ ಒಳಗೇ ದಾರಿ ತಪ್ಪಿ ಸುತ್ತಿದ್ದು ನಿಮಗೆಲ್ಲ ಗೊತ್ತು. ಅವರು ಚೇತರಿಸಿಕೊಳ್ಳುತ್ತಿದ್ದಾರೆ. ವಿಚಾರಿಸಲು ಸಾಲುಸಾಲಾಗಿ ಹೋಗಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ, ದಯವಿಟ್ಟು ಪಾಲಿಸಿ.

ಇದೇ ಹೊತ್ತಿಗೆ ದತ್ತಿ ಪ್ರತಿಷ್ಠಾನವೊಂದರಿಂದ ಸಂಘಕ್ಕೆ ಪತ್ರ ಬಂದಿದೆ. ಅವರು ಸ್ವಂತ ಆಂಬುಲೆನ್ಸ್ ಓಡಿಸುವವರಲ್ಲ. ಈಗಿರುವ ಸೇವೆಗೆ ಉಪಕರಣ ಕೊಡಿಸುತ್ತಾರೆ, ಪ್ಯಾರಾಮೆಡಿಕ್‌ಗಳ, ಅಂದರೆ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿಯ, ತರಬೇತಿಯ ವೆಚ್ಚ ಭರಿಸುತ್ತಾರೆ, ಸಿಬ್ಬಂದಿಗೆ ಆಪ್ತಸಮಾಲೋಚನೆಯನ್ನೂ ಒದಗಿಸುತ್ತಾರೆ. ನಮ್ಮ ಕಲ್ಯಾಣ ನಿಧಿಯಿಂದ ಕೈಜೋಡಿಸಬಹುದೇ ಎಂದು ಕೇಳಿದ್ದಾರೆ. ಭಾನುವಾರ ತೀರ್ಮಾನವಾಗಬೇಕು. ವಿಷಯಕ್ಕೆ ಸಂಬಂಧಿಸಿದ್ದನ್ನು ಮಾತ್ರ ಬರೆಯಿರಿ. ಶುಭೋದಯದ ಚಿತ್ರಗಳಿಗೆ ಬೇರೆ ಗುಂಪು ಇದೆ.

ಮೂರನೇ ಅಡ್ಡರಸ್ತೆ, ಮೂಲೆಮನೆ
ನನ್ನದು ನೇರ ಮಾತು. ಪ್ರತಿಷ್ಠಾನವೂ ಬೇಡ, ಪತ್ರವ್ಯವಹಾರವೂ ಬೇಡ. ನಮ್ಮದೇ ಒಂದು ಆಂಬುಲೆನ್ಸ್ ಕೊಳ್ಳೋಣ. ಬಡಾವಣೆಯ ಹೆಸರು ಬರೆಸಿ ಮುಖ್ಯದ್ವಾರದ ಬಳಿ ನಿಲ್ಲಿಸಿದರೆ ಯಾವ ಮನೆಗಾದರೂ ಎರಡು ನಿಮಿಷ. ಕೊಟ್ಟ ಹಣ ಕಣ್ಣೆದುರಿಗೆ ಇರುತ್ತದೆ.

ಮೊದಲನೇ ಮುಖ್ಯರಸ್ತೆ, ಎರಡನೇ ಮಹಡಿ
ಮೂಲೆಮನೆಯವರ ಮಾತಿಗೆ ನನ್ನ ಬೆಂಬಲ.

ಆರನೇ ಅಡ್ಡರಸ್ತೆ, ಬಾಡಿಗೆದಾರ
ಸರ್, ನಾನು ಬಾಡಿಗೆಗೆ ಇರುವವನು. ಸಂಘದ ಹಣದ ವಿಷಯದಲ್ಲಿ ನನಗೆ ಮತವಿಲ್ಲ ಎಂಬುದು ಗೊತ್ತಿದೆ. ಆದರೆ ವೃತ್ತಿಯಿಂದ ಪ್ಯಾರಾಮೆಡಿಕ್ ಆದ್ದರಿಂದ ಒಂದು ಲೆಕ್ಕ ಮುಂದಿಡುತ್ತೇನೆ.

ವಾರಕ್ಕೆ 168 ಗಂಟೆ. ಒಬ್ಬ ಸಿಬ್ಬಂದಿ ವಾರಕ್ಕೆ 48 ಗಂಟೆ ದುಡಿದರೂ ಒಂದು ಆಸನ ಖಾಲಿ ಬೀಳದಂತೆ ನೋಡಿಕೊಳ್ಳಲು ಮೂರೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿಯ ದಿನ ಸೇರಿಸಿದರೆ ನಾಲ್ಕರಿಂದ ಐದು. ಆಂಬುಲೆನ್ಸ್‌ನಲ್ಲಿ ಕನಿಷ್ಠ ಎರಡು ಆಸನ: ಚಾಲಕನದು, ರೋಗಿಯ ಪಕ್ಕದಲ್ಲಿ ಕೂರುವವನದು. ಒಂದೇ ವಾಹನಕ್ಕೆ ಎಂಟರಿಂದ ಹತ್ತು ಸಂಬಳ, ಕರೆ ಬಂದರೂ ಬಾರದಿದ್ದರೂ. ಅಷ್ಟು ಜನರಿಲ್ಲದಿದ್ದರೆ ಅದು ಮಂಚವಿರುವ ವ್ಯಾನು, ಅಷ್ಟೇ.

ಇನ್ನು, ನಮ್ಮ ಬಡಾವಣೆಯಲ್ಲಿ ತಿಂಗಳಿಗೆ ಬೆರಳೆಣಿಕೆಯ ತುರ್ತು ಕರೆಗಳು ಬಂದಾವು. ಅಷ್ಟೇ ರೋಗಿಗಳನ್ನು ನೋಡುವವನ ಕೈಗೆ ಅಭ್ಯಾಸ ತಪ್ಪುತ್ತದೆ. ಉಸಿರುನಾಳಕ್ಕೆ ಕೊಳವೆ ಇಳಿಸುವುದು, ಫಿಟ್ಸ್ ಬಂದ ಮಗುವಿನ ತೂಕಕ್ಕೆ ತಕ್ಕ ಔಷಧದ ಪ್ರಮಾಣ ಗುಣಿಸುವುದು, ಇವೆಲ್ಲ ಮಾಡುತ್ತಿದ್ದರೆ ಮಾತ್ರ ಉಳಿಯುವ ವಿದ್ಯೆ. ನಮ್ಮ ವಾಹನ ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ದ ಹೊತ್ತಿನಲ್ಲೇ ಇನ್ನೊಂದು ಮನೆಯಿಂದ ಕರೆ ಬಂದರೆ ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ.

ಮೂರನೇ ಅಡ್ಡರಸ್ತೆ, ಮೂಲೆಮನೆ
ಹಾಗಾದರೆ ಕೈಕಟ್ಟಿ ಕೂರೋಣವೇ? ವಾಹನವಾದರೆ ಕಾಣುತ್ತದೆ. ತರಬೇತಿಗೆ ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಯಾರಿಗೆ ಗೊತ್ತಾಗುತ್ತದೆ?

ನಿವೃತ್ತ ಇತಿಹಾಸ ಅಧ್ಯಾಪಕರು, ನಾಲ್ಕನೇ ಅಡ್ಡರಸ್ತೆ
ಮೂಲೆಮನೆಯವರ ಸಂಶಯ ಹೊಸದಲ್ಲ, ತಪ್ಪೂ ಅಲ್ಲ. ತರಬೇತಿಗೆ ಕೊಟ್ಟ ಹಣ ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಒಂದು ಬಡಾವಣೆಯ ಕಥೆಯೇ ಇದೆ, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

1960ರ ದಶಕದ ಅಮೆರಿಕದಲ್ಲಿ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧವನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳು. ಮಲಗಿಸಿ ಒಯ್ಯಬಲ್ಲ ಉದ್ದನೆಯ ಕಾರು ಅವರ ಬಳಿ ಇತ್ತು ಎಂಬುದೇ ಅರ್ಹತೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಕೊಟ್ಟ ವರದಿಯಲ್ಲೇ ಈ ಮಾತಿದೆ. ಪಿಟ್ಸ್‌ಬರ್ಗ್ ನಗರದಲ್ಲಿ ಪೊಲೀಸ್ ವ್ಯಾನು ಬರುತ್ತಿತ್ತು. ರೋಗಿಯನ್ನು ಹಿಂದೆ ಹಾಕಿಕೊಂಡು ಇಬ್ಬರೂ ಪೊಲೀಸರು ಮುಂದೆ ಕೂರುತ್ತಿದ್ದರು. ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡಾವಣೆಗೆ ಆ ವ್ಯಾನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1966ರ ನವೆಂಬರ್‌ನಲ್ಲಿ, ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ಚುನಾವಣಾ ಸಭೆಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಿದುಳಿಗೆ ಆಮ್ಲಜನಕ ತಪ್ಪಿಹೋಗಿತ್ತು, ಅದೇ ತಿಂಗಳು ತೀರಿಕೊಂಡರು. ದಾರಿಯ ಅವ್ಯವಸ್ಥೆಗೆ ದೊಡ್ಡವರು, ಚಿಕ್ಕವರು ಎಂಬ ಭೇದವಿರಲಿಲ್ಲ.

ಮರುವರ್ಷ ಮೂವರು ಒಟ್ಟಾದರು. ಮಾರಿಸ್ ಫಾಕ್ ವೈದ್ಯಕೀಯ ನಿಧಿ ಎಂಬ ದತ್ತಿ ಸಂಸ್ಥೆಯನ್ನು ನಡೆಸುತ್ತಿದ್ದ ಫಿಲ್ ಹ್ಯಾಲೆನ್, ಇವರು ಹಿಂದೆ ತಾವೇ ಆಂಬುಲೆನ್ಸ್ ಓಡಿಸಿದವರು. ಹೃದಯ ಶ್ವಾಸ ಪುನಶ್ಚೇತನವನ್ನು, ಅಂದರೆ ನಾವೀಗ ಸಿಪಿಆರ್ ಎನ್ನುವುದನ್ನು ರೂಪಿಸಿದವರಲ್ಲಿ ಮುಖ್ಯರಾದ ವೈದ್ಯ ಪೀಟರ್ ಸಾಫರ್. ಮತ್ತು ಹಿಲ್ ಡಿಸ್ಟ್ರಿಕ್ಟ್‌ನಲ್ಲಿ ಜನರಿಗೆ ಉದ್ಯೋಗ ಹುಡುಕಿಕೊಡುತ್ತಿದ್ದ ಫ್ರೀಡಂ ಹೌಸ್ ಎಂಬ ಸಂಸ್ಥೆ. ಅದೇ ಬಡಾವಣೆಯ ನಿರುದ್ಯೋಗಿ ಯುವಕರನ್ನು ಆರಿಸಿ ಸುಮಾರು 300 ಗಂಟೆಗಳ ತರಬೇತಿ ಕೊಟ್ಟರು. ಅಂಗರಚನೆಯಿಂದ ಹಿಡಿದು ಹೆರಿಗೆಯವರೆಗೆ. ಅವರಲ್ಲಿ ಕೆಲವರು ಶಾಲೆಯನ್ನೇ ಮುಗಿಸಿರಲಿಲ್ಲ. ಕೆಲವೇ ವರ್ಷಗಳಲ್ಲಿ ಇಡೀ ದೇಶ ನೋಡಿ ಕಲಿಯುವ ಪ್ಯಾರಾಮೆಡಿಕ್‌ಗಳಾದರು. ವ್ಯಾನುಗಳನ್ನು ಯಾರಾದರೂ ಕೊಳ್ಳಬಹುದಿತ್ತು.

ಮೊದಲನೇ ಮುಖ್ಯರಸ್ತೆ, ಎರಡನೇ ಮಹಡಿ
ಅಧ್ಯಾಪಕರೇ, ಆಮೇಲೆ ಏನಾಯಿತು?

ನಿವೃತ್ತ ಇತಿಹಾಸ ಅಧ್ಯಾಪಕರು, ನಾಲ್ಕನೇ ಅಡ್ಡರಸ್ತೆ
1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸ್‌ನೊಂದಿಗಿನ ಒಪ್ಪಂದವನ್ನು ಕೈಬಿಟ್ಟಿತು. ಕಲಿತವರಲ್ಲಿ ಅನೇಕರು ಹೊಸ ಸೇವೆಯಲ್ಲಿ ಬದಿಗೆ ಸರಿದರು. ಆದ್ದರಿಂದ ನಾನು ಪ್ರತಿಷ್ಠಾನಗಳ ಭಟ್ಟಂಗಿಯಲ್ಲ. ದತ್ತಿಯ ಹಣ ಒಂದು ಕೆಲಸವನ್ನು ಆರಂಭಿಸಿಕೊಡಬಲ್ಲದು, ಮಾದರಿ ತೋರಿಸಬಲ್ಲದು. ಅದನ್ನು ನಡೆಸಿಕೊಂಡು ಹೋಗುವ ಹೊಣೆ ಯಾರದು ಎಂದು ಮೊದಲೇ ಕೇಳಿಕೊಳ್ಳಬೇಕು.

ಲೆಕ್ಕಪರಿಶೋಧಕಿ, ಎರಡನೇ ಅಡ್ಡರಸ್ತೆ
ಕೇಳಿಕೊಳ್ಳೋಣ, ಆದರೆ ಬರವಣಿಗೆಯಲ್ಲಿ. ಸಂಘದ ದೇಣಿಗೆಯನ್ನು ಗೊತ್ತುಪಡಿಸಿದ ಉದ್ದೇಶಕ್ಕೇ ಬಳಸಬೇಕೆಂದು ಷರತ್ತು ಹಾಕಬಹುದು, ಅದಕ್ಕೆ ಪ್ರತ್ಯೇಕ ಲೆಕ್ಕ ಇಡಬೇಕೆಂದೂ ಕೇಳಬಹುದು. ಹಾಗೆಂದು ಆಡಳಿತ ವೆಚ್ಚ ಸೊನ್ನೆ ಎಂದು ಹೇಳಿಕೊಳ್ಳುವವರನ್ನು ನಾನು ಹೆಚ್ಚು ನಂಬುವುದಿಲ್ಲ. ಲೆಕ್ಕ ಬರೆಯುವವನಿಗೂ ಸಂಬಳ ಬೇಕಲ್ಲ.

ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಾಲು, "ಸರಾಸರಿ ತಲುಪುವ ಸಮಯ". ಹತ್ತು ಕರೆಗಳಲ್ಲಿ ಒಂಬತ್ತಕ್ಕೆ 8 ನಿಮಿಷ, ಒಂದಕ್ಕೆ 40 ನಿಮಿಷವಾದರೆ ಸರಾಸರಿ 11.2 ನಿಮಿಷ. ಕೇಳಲು ಚೆನ್ನಾಗಿದೆ. ಆ 40 ನಿಮಿಷ ಕಾದ ಮನೆಯವರು ಸರಾಸರಿಯನ್ನು ಏನು ಮಾಡಬೇಕು? ಹತ್ತರಲ್ಲಿ ಒಂಬತ್ತು ಕರೆಗಳಿಗೆ ಎಷ್ಟು ನಿಮಿಷದೊಳಗೆ ತಲುಪುತ್ತಾರೆ, ಉಳಿದ ಒಂದಕ್ಕೆ ಯಾಕೆ ತಡವಾಯಿತು ಎಂಬ ಅಂಕಿ ಬೇಕು. ಗಡಿಯಾರ ಯಾವಾಗಿನಿಂದ ಶುರು ಎಂಬುದೂ ಮುಖ್ಯ: ಕರೆ ಎತ್ತಿದಾಗಿನಿಂದಲೋ, ವಾಹನ ಹೊರಟಾಗಿನಿಂದಲೋ? ಚಕ್ರ ನಿಂತಾಗ ಮುಗಿಯಿತೋ, ರೋಗಿಯ ಪಕ್ಕ ತಲುಪಿದಾಗಲೋ?

ಆರನೇ ಅಡ್ಡರಸ್ತೆ, ಬಾಡಿಗೆದಾರ
ಮೇಡಂ, ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಆ ರಾತ್ರಿ ಬಂದಿದ್ದ ತಂಡದವರೊಂದಿಗೆ ಮಾತನಾಡಿದ್ದೇನೆ. ನಮ್ಮ ಮುಖ್ಯದ್ವಾರಕ್ಕೆ ಅವರು ಸಕಾಲಕ್ಕೇ ಬಂದಿದ್ದರು. ಆಮೇಲಿನದೆಲ್ಲ ನಮ್ಮದೇ ಕೊಡುಗೆ. ಹಿಂದಿನ ದ್ವಾರಕ್ಕೆ ರಾತ್ರಿ ಬೀಗ. ರಸ್ತೆಯ ಎರಡೂ ಬದಿ ಕಾರು. ಅರ್ಧ ಮನೆಗಳಲ್ಲಿ ಹಳೆಯ ನಿವೇಶನ ಸಂಖ್ಯೆ, ಉಳಿದರ್ಧದಲ್ಲಿ ಹೊಸ ಸಂಖ್ಯೆ, ಎರಡೂ ಕತ್ತಲಲ್ಲಿ ಕಾಣುವುದಿಲ್ಲ. ಯಾರೂ ಬೀದಿಗೆ ಬಂದು ಕೈ ಬೀಸಲಿಲ್ಲ. ಇದನ್ನು ಯಾವ ಪ್ರತಿಷ್ಠಾನವೂ ಸರಿಪಡಿಸಲಾರದು.

ಮೂರನೇ ಅಡ್ಡರಸ್ತೆ, ಮೂಲೆಮನೆ
ಕಾರುಗಳ ಮಾತು ನನ್ನ ಕಡೆಗೇ ತಿರುಗಿದಂತಿದೆ. ಇರಲಿ, ಒಳಗೆ ನಿಲ್ಲಿಸುತ್ತೇನೆ. ಆದರೆ ಆಪ್ತಸಮಾಲೋಚನೆ ಎಂಬುದಕ್ಕೆ ನಮ್ಮ ಹಣ ಯಾಕೆ? ಸಿಬ್ಬಂದಿಯ ಕ್ಷೇಮ ಅವರ ಮಾಲೀಕರ ಹೊಣೆಯಲ್ಲವೇ?

ಆರನೇ ಅಡ್ಡರಸ್ತೆ, ಬಾಡಿಗೆದಾರ
ಹೊಣೆ ಅವರದೇ ಸರ್. ಆದರೆ ನಡೆಯುವುದು ಹೀಗೆ: ಬಾವಿಗೆ ಬಿದ್ದ ಮಗುವನ್ನು ಎತ್ತಿ, ದಾರಿಯುದ್ದಕ್ಕೂ ಎದೆ ಒತ್ತುತ್ತಾ ಹೋಗಿ, ಆಸ್ಪತ್ರೆಯಲ್ಲಿ ಬಿಟ್ಟು, ತಾಯಿಯ ಮುಖ ನೋಡಿ ಹೊರಬರುತ್ತೇವೆ. ಸ್ಟ್ರೆಚರ್ ತೊಳೆಯುವಷ್ಟರಲ್ಲಿ ಮುಂದಿನ ಕರೆ. ಆ ಮಗುವಿಗೆ ಏನಾಯಿತೆಂದು ನಮಗೆ ಯಾರೂ ಹೇಳುವುದಿಲ್ಲ. ಕೆಲವರು ಕುಡಿತಕ್ಕೆ ಇಳಿಯುತ್ತಾರೆ, ಕೆಲವರು ಮಾತು ಬಿಡುತ್ತಾರೆ, ಬಹಳ ಜನ ಕೆಲಸ ಬಿಡುತ್ತಾರೆ. ಬಿಟ್ಟವನ ಜಾಗಕ್ಕೆ ಹೊಸಬ ಬರುತ್ತಾನೆ, ಅವನ ಕೈ ಪಳಗಲು ವರ್ಷಗಳು ಬೇಕು. ಬ್ರಿಟನ್ನಿನಲ್ಲಿ ಆಂಬುಲೆನ್ಸ್ ಸೇವೆ ಸರ್ಕಾರದ್ದೇ ಆದರೂ ಅದರ ಸಿಬ್ಬಂದಿಯ ಮನಸ್ಸು, ಸಾಲ, ಗಾಯಗಳ ಕಷ್ಟಕ್ಕೆಂದೇ ಒಂದು ದತ್ತಿ ಸಂಸ್ಥೆ ಇದೆ. ಅನುಭವಿಗಳು ಉಳಿದರೆ ಲಾಭ ರೋಗಿಗೇ.

ನಿವೃತ್ತ ಶುಶ್ರೂಷಕಿ, ಐದನೇ ಅಡ್ಡರಸ್ತೆ
ಎಲ್ಲರೂ ವಾಹನ ಬರುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬರುವವರೆಗೆ ಏನು? ಹೃದಯ ಸ್ತಂಭನವಾದವರಿಗೆ ಯಾರೂ ಎದೆ ಒತ್ತದೆ ಹೋದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಜಗತ್ತಿನ ಅತ್ಯುತ್ತಮ ಆಂಬುಲೆನ್ಸ್‌ಗೂ ಕೆಲವು ನಿಮಿಷ ಬೇಕೇ ಬೇಕು. ಆ ನಿಮಿಷಗಳು ಪಕ್ಕದ ಮನೆಯವರದು.

ನಿಮಿಷಕ್ಕೆ 100ರಿಂದ 120 ಬಾರಿ, ಎದೆಯ ನಡುವೆ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಇಳಿಯುವಷ್ಟು ಗಟ್ಟಿಯಾಗಿ ಒತ್ತಬೇಕು. ಜನ ಮೋಸಹೋಗುವುದು ಬೇರೆ ಕಡೆ. ಹೃದಯ ನಿಂತ ಮೇಲೂ ಕೆಲವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಏದುಸಿರು ಎಳೆಯುತ್ತಾರೆ. ಮನೆಯವರು "ಉಸಿರಾಡುತ್ತಿದ್ದಾರೆ" ಎಂದು ಸಮಾಧಾನಪಟ್ಟು ಕಾಯುತ್ತಾರೆ. ಅದು ಉಸಿರಾಟವಲ್ಲ. ಕರೆದರೆ ಓಗೊಡದಿದ್ದರೆ, ಉಸಿರು ಸಹಜವಾಗಿಲ್ಲದಿದ್ದರೆ, ಕರೆ ಮಾಡಿ ಒತ್ತಲು ಶುರು ಮಾಡಬೇಕು.

ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಈಗ ಕೈಚೀಲದಷ್ಟಾಗಿದೆ. 1966ರಲ್ಲಿ ಬೆಲ್‌ಫಾಸ್ಟ್‌ನ ಫ್ರಾಂಕ್ ಪ್ಯಾಂಟ್ರಿಡ್ಜ್ ಅದನ್ನು ಮೊದಲ ಬಾರಿಗೆ ಆಂಬುಲೆನ್ಸ್‌ನಲ್ಲಿಟ್ಟು ರೋಗಿಯ ಬಳಿಗೆ ಒಯ್ದಾಗ ಅದರ ತೂಕ ಸುಮಾರು 70 ಕಿಲೋ, ಶಕ್ತಿಗೆ ಕಾರಿನ ಬ್ಯಾಟರಿಗಳು. ಈಗಿನ ಎಇಡಿ ಯಂತ್ರ ತಾನೇ ಮಾತನಾಡಿ ಏನು ಮಾಡಬೇಕೆಂದು ಹೇಳುತ್ತದೆ, ಅಗತ್ಯವಿಲ್ಲದ ಲಯಕ್ಕೆ ಆಘಾತ ಕೊಡುವುದಿಲ್ಲ. ನನ್ನ ಸಲಹೆ, ಪ್ರತಿಷ್ಠಾನದಿಂದ ನಾವು ಕೇಳಬೇಕಾದದ್ದು ಇದು: ಕಾವಲುಗಾರರ ಕೊಠಡಿಯಲ್ಲಿ ಒಂದು ಎಇಡಿ, ಮತ್ತು ಪ್ರತಿ ಅಡ್ಡರಸ್ತೆಯಿಂದ ಕೆಲವರಿಗೆ ತರಬೇತಿ.

ಲೆಕ್ಕಪರಿಶೋಧಕಿ, ಎರಡನೇ ಅಡ್ಡರಸ್ತೆ
ಅಕ್ಕ, ಯಂತ್ರದ ಎದೆಪಟ್ಟಿಗಳಿಗೂ ಬ್ಯಾಟರಿಗೂ ಅವಧಿ ಇದೆಯಲ್ಲವೇ? ಗಾಜಿನ ಪೆಟ್ಟಿಗೆಯಲ್ಲಿ ಸತ್ತ ಬ್ಯಾಟರಿ ಇಟ್ಟು ಪೂಜೆ ಮಾಡುವ ಸ್ಥಿತಿ ಬರಬಾರದು.

ನಿವೃತ್ತ ಶುಶ್ರೂಷಕಿ, ಐದನೇ ಅಡ್ಡರಸ್ತೆ
ಇದೆ ತಂಗಿ. ದಿನಾಂಕ ಅದರ ಮೇಲೇ ಮುದ್ರಿತವಾಗಿರುತ್ತದೆ, ಯಂತ್ರದ ಹಸಿರು ದೀಪವನ್ನೂ ನೋಡುತ್ತಿರಬೇಕು. ತಿಂಗಳಿಗೊಮ್ಮೆ ನೋಡಿ ಸಹಿ ಹಾಕುವ ಹೊಣೆ ನನಗಿರಲಿ. ಕೊಠಡಿಗೆ ಬೀಗ ಹಾಕುವುದಾದರೆ ಮಾತ್ರ ನಾನು ಈ ಕೆಲಸಕ್ಕಿಲ್ಲ.

ಮರೆಯುವ ಮುನ್ನ ಒಂದು ಮಾತು. ಮುಖ ಒಂದು ಬದಿಗೆ ಜೋತರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಎಂದೇ ತಿಳಿದು ಕರೆ ಮಾಡಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟು ತಂಡಕ್ಕೆ ಹೇಳಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಗೊತ್ತಿಲ್ಲದಿದ್ದರೆ ವೈದ್ಯರ ಕೈ ಕಟ್ಟಿದಂತಾಗುತ್ತದೆ.

ಸಂಘದ ಕಾರ್ಯದರ್ಶಿ
ಇಲ್ಲಿಯವರೆಗಿನ ಚರ್ಚೆಯಿಂದ ಭಾನುವಾರದ ಸಭೆಗೆ ಈ ಠರಾವನ್ನು ಇಡುತ್ತಿದ್ದೇನೆ. ಸ್ವಂತ ವಾಹನದ ಪ್ರಸ್ತಾಪ ಸದ್ಯಕ್ಕಿಲ್ಲ. ಪ್ರತಿಷ್ಠಾನಕ್ಕೆ ಒಂದು ವರ್ಷದ ಮಟ್ಟಿಗೆ ದೇಣಿಗೆ, ಪ್ಯಾರಾಮೆಡಿಕ್ ತರಬೇತಿ ಮತ್ತು ಸಿಬ್ಬಂದಿ ಕ್ಷೇಮಕ್ಕೆಂದು ಗೊತ್ತುಪಡಿಸಿ. ಲೆಕ್ಕಪರಿಶೋಧಕರ ಪ್ರಶ್ನೆಗಳಿಗೆ ಲಿಖಿತ ಉತ್ತರ ಬಂದ ಮೇಲೆಯೇ ಹಣ. ಎಇಡಿ ಮತ್ತು ತರಬೇತಿ ಶಿಬಿರಕ್ಕೆ ಅವರ ನೆರವು ಕೋರುವುದು. ಮನೆ ಸಂಖ್ಯೆಯ ಹೊಳೆಯುವ ಫಲಕ, ರಾತ್ರಿ ಬೀಗದ ಕೈ ಕಾವಲುಗಾರನಲ್ಲೇ ಇರುವುದು, ಇವು ಸಂಘದ್ದೇ ಕೆಲಸ. ಇದಕ್ಕೆ ಠರಾವು ಬೇಕಿಲ್ಲ, ನಾಳೆಯಿಂದಲೇ ಆರಂಭ. ಆರನೇ ಅಡ್ಡರಸ್ತೆಯವರೇ, ಮತ ಇಲ್ಲದಿದ್ದರೂ ಸಭೆಗೆ ಬನ್ನಿ. ವಿಶೇಷ ಆಹ್ವಾನಿತರೆಂದು ಬರೆದುಕೊಂಡಿದ್ದೇನೆ.

ಮೂರನೇ ಅಡ್ಡರಸ್ತೆ, ಮೂಲೆಮನೆ
ವಾಹನದ ಮಾತನ್ನು "ಸದ್ಯಕ್ಕಿಲ್ಲ" ಎಂದು ಬರೆದದ್ದಕ್ಕೆ ಧನ್ಯವಾದ, ಮುಂದಿನ ವರ್ಷ ಮತ್ತೆ ಎತ್ತುತ್ತೇನೆ. ತರಬೇತಿಗೆ ನಮ್ಮ ಅಡ್ಡರಸ್ತೆಯಿಂದ ಯಾರು ಹೋಗಬೇಕು? ನನಗೆ ಮಂಡಿನೋವು, ನೆಲದ ಮೇಲೆ ಕೂರಲಾಗುವುದಿಲ್ಲ.

ನಿವೃತ್ತ ಶುಶ್ರೂಷಕಿ, ಐದನೇ ಅಡ್ಡರಸ್ತೆ
ಕೂರಲಾಗದಿದ್ದರೆ ಒತ್ತುವುದು ಬೇಡ ಅಣ್ಣ. ತುರ್ತು ಸಂಖ್ಯೆಗೆ ಕರೆ ಮಾಡಿ ಫೋನನ್ನು ಸ್ಪೀಕರ್‌ನಲ್ಲಿಡುವವರು, ಎಇಡಿ ತರುವವರು, ರಸ್ತೆಗೆ ಬಂದು ಟಾರ್ಚ್ ಬೀಸುವವರು, ಇವರೂ ಬೇಕು. ನಿಮ್ಮ ದನಿ ಇಡೀ ಅಡ್ಡರಸ್ತೆಗೆ ಕೇಳಿಸುತ್ತದೆ, ಟಾರ್ಚ್ ನಿಮಗೇ.

ಮೂರನೇ ಅಡ್ಡರಸ್ತೆ, ಮೂಲೆಮನೆ
ಬರೆದುಕೊಳ್ಳಿ. ಸೊಸೆಯ ಹೆಸರನ್ನೂ ಸೇರಿಸಿ, ಒತ್ತುವ ಕೆಲಸಕ್ಕೆ.