ಮಗುವಿನ ಶ್ವಾಸಕೋಶ ಬಲಿತಿದೆಯೇ ಎಂಬುದು ಸ್ಕ್ಯಾನ್‌ನಲ್ಲಿ ತಿಳಿಯುತ್ತದೆಯೇ?

ಪ್ರಶ್ನೆ: ಬಸವನಗುಡಿಯ ಓದುಗಿ

ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಾಳೆ. ಮುಟ್ಟಿನ ಲೆಕ್ಕದಲ್ಲಿ ಇಂದಿಗೆ 36 ವಾರ 3 ದಿನ. ಮಗುವಿನ ತಲೆ ಮೇಲಕ್ಕಿರುವುದರಿಂದ ಸಿಸೇರಿಯನ್ ಬೇಕಾಗಬಹುದೆಂದೂ, 39 ವಾರ ತುಂಬಿದ ಮೇಲೆ ಮಾಡುವುದಾಗಿಯೂ ವೈದ್ಯರು ಹೇಳಿದ್ದಾರೆ. ಆದರೆ ಇನ್ನು ಆರು ದಿನಕ್ಕೆ ಒಳ್ಳೆಯ ನಕ್ಷತ್ರವಿದೆ, ಅಂದೇ ಆಗಲಿ ಎಂಬುದು ಅವಳ ಅತ್ತೆಯವರ ಆಸೆ. ಮೊನ್ನೆಯ ಗ್ರೋತ್ ಸ್ಕ್ಯಾನ್ ವರದಿಯಲ್ಲಿ ಮಗುವಿನ ತೂಕ 2.8 ಕಿಲೋ, ಮಾಸು ಮೂರನೆಯ ಗ್ರೇಡ್ ಎಂದಿದೆ. ಮಾಸು ಮಾಗಿದರೆ ಶ್ವಾಸಕೋಶವೂ ಬಲಿತಂತೆಯೇ, ಅನುಮಾನವಿದ್ದರೆ ಇನ್ನೊಂದು ಸ್ಕ್ಯಾನ್ ಮಾಡಿಸಿ ಎನ್ನುತ್ತಿದ್ದಾರೆ ಅತ್ತೆಯವರು. ತಂಗಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಪಥ್ಯದಲ್ಲಿದ್ದಾಳೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಪ್ರಸೂತಿ ವೈದ್ಯೆ, ಮಲ್ಲೇಶ್ವರ

ಹುಟ್ಟಿದ ಕೂಡಲೇ ಮಗು ಉಸಿರೆಳೆದಾಗ ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತು. ಸುಮಾರು 24ನೆಯ ವಾರದಿಂದ ಅದು ತಯಾರಾಗತೊಡಗುತ್ತದೆ. ಸಾಕಷ್ಟು ಒದಗುವುದು ಸಾಮಾನ್ಯವಾಗಿ 35ನೆಯ ವಾರದ ಹೊತ್ತಿಗೆ. ಸ್ಕ್ಯಾನ್ ಯಂತ್ರಕ್ಕೆ ಶ್ವಾಸಕೋಶದ ಆಕಾರ ಕಾಣುತ್ತದೆ, ಈ ವಸ್ತು ಕಾಣುವುದಿಲ್ಲ. 1971ರಲ್ಲಿ ಗ್ಲಕ್ ಮತ್ತು ಸಂಗಡಿಗರು ಗರ್ಭಜಲವನ್ನು ಸೂಜಿಯಿಂದ ತೆಗೆದು, ಲೆಸಿಥಿನ್ ಮತ್ತು ಸ್ಫಿಂಗೋಮಯಲಿನ್ ಎಂಬೆರಡು ಕೊಬ್ಬುಗಳ ಪ್ರಮಾಣವನ್ನು ಹೋಲಿಸುವ ಪರೀಕ್ಷೆಯನ್ನು ವಿವರಿಸಿದರು. ಅದು ಹೊಟ್ಟೆಗೆ ಸೂಜಿ ಚುಚ್ಚುವ ಪರೀಕ್ಷೆ. ಈಗ ಬಳಕೆಯಲ್ಲಿ ಬಹಳ ಕಡಿಮೆ.

ನಿಮ್ಮ ತಂಗಿಯ ವಿಷಯದಲ್ಲಿ ನನಗೆ ಹೆಚ್ಚು ಆತಂಕ ತರುವುದು ಸಕ್ಕರೆ ಕಾಯಿಲೆ. ಅದು ಹತೋಟಿ ತಪ್ಪಿದರೆ ಮಗುವಿನ ದೇಹದಲ್ಲಿ ಇನ್ಸುಲಿನ್ ಹೆಚ್ಚಿ ಸರ್ಫ್ಯಾಕ್ಟಂಟ್ ತಡವಾಗಬಹುದು, ಅದೇ ಹೊತ್ತಿಗೆ ಮಗುವಿನ ತೂಕ ಏರಬಹುದು. ಆದ್ದರಿಂದ 2.8 ಕಿಲೋ ಎಂಬ ಅಂಕಿಯನ್ನು ಬಲಿತದ್ದಕ್ಕೆ ಸಾಕ್ಷಿಯೆಂದು ತೆಗೆದುಕೊಳ್ಳಬೇಡಿ. ಶ್ವಾಸಕೋಶ ಬಲಿತಿದೆ ಎಂಬ ಪರೀಕ್ಷೆಯ ಫಲಿತಾಂಶವೊಂದನ್ನೇ ಹಿಡಿದು, ಬೇರೆ ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬಾರದು. ಮಿದುಳು, ಯಕೃತ್ತು, ಹಾಲು ಚೀಪುವ ಶಕ್ತಿ ಎಲ್ಲವೂ ಆ ಕೊನೆಯ ವಾರಗಳಲ್ಲಿಯೇ ಕೂಡಿಕೊಳ್ಳುತ್ತಿರುತ್ತವೆ.

ಉತ್ತರ: ರೇಡಿಯಾಲಜಿಸ್ಟ್, ಜಯನಗರ

ಮಾಸಿನ ಗ್ರೇಡ್ ಬಗ್ಗೆ ಒಂದು ಮಾತು. ಮಾಸು ಎಷ್ಟು ಮಾಗಿದೆ ಎಂದು ಹೇಳುವ, ಸೊನ್ನೆಯಿಂದ ಮೂರರವರೆಗಿನ ಈ ವರ್ಗೀಕರಣವನ್ನು 1979ರಲ್ಲಿ ಗ್ರ್ಯಾನಮ್ ಮತ್ತು ಸಂಗಡಿಗರು ಮುಂದಿಟ್ಟಾಗ ಅದನ್ನು ಶ್ವಾಸಕೋಶದ ಬಲಿಯುವಿಕೆಗೆ ಹೊಂದಿಸಿಯೇ ನೋಡಿದ್ದರು. ಮುಂದೆ ಅದು ನಂಬಲರ್ಹವಲ್ಲವೆಂದು ಕಂಡುಬಂದಿತು. ಬೇರೆ ಸಂಶೋಧಕರು ಯಕೃತ್ತಿಗಿಂತ ಶ್ವಾಸಕೋಶ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಅಳೆದರು, ಶ್ವಾಸಕೋಶಕ್ಕೆ ಹೋಗುವ ಧಮನಿಯ ರಕ್ತದ ಹರಿವನ್ನು ಡಾಪ್ಲರ್ ಎಂಬ ಸ್ಕ್ಯಾನ್ ವಿಧಾನದಲ್ಲಿ ನೋಡಿದರು, ಚಿತ್ರದ ಕಣಕಣವನ್ನೂ ಕಂಪ್ಯೂಟರಿನಿಂದ ವಿಶ್ಲೇಷಿಸುವ ವಿಧಾನವೂ ಬಂದಿದೆ. ಇವು ಕುತೂಹಲಕರ ಸಂಶೋಧನೆಗಳು. ಆದರೆ ಹೆರಿಗೆಯ ದಿನವನ್ನು ಇವುಗಳ ಮೇಲೆ ಗೊತ್ತುಮಾಡುವುದು ವಾಡಿಕೆಯಲ್ಲಿಲ್ಲ.

ವಾರಗಳ ಲೆಕ್ಕ ಸರಿಯೇ ಎಂದು ತಿಳಿಯಲು ಮೂರನೆಯ ತಿಂಗಳ ಸ್ಕ್ಯಾನ್ ವರದಿಯನ್ನು ಹುಡುಕಿ. ತಲೆಯಿಂದ ಪೃಷ್ಠದವರೆಗಿನ ಅಳತೆಯಿಂದ ಅದು ಹೇಳುವ ಹೆರಿಗೆಯ ದಿನ ಹೆಚ್ಚೆಂದರೆ ಐದರಿಂದ ಏಳು ದಿನ ಆಚೀಚೆಯಾಗಬಹುದು. ಈ ತಿಂಗಳ ಸ್ಕ್ಯಾನ್ ಹೇಳುವ ದಿನ ಮೂರು ವಾರದಷ್ಟು ತಪ್ಪಬಹುದು.

ಉತ್ತರ: ಒಬ್ಬ ತಾಯಿ, ರಾಜಾಜಿನಗರ

ನನ್ನ ಮಗನನ್ನು 37 ವಾರ ತುಂಬಿದ ಮಾರನೆಯ ದಿನವೇ, ಮುಹೂರ್ತಕ್ಕಾಗಿಯೇ, ಸಿಸೇರಿಯನ್ ಮಾಡಿಸಿ ತೆಗೆದರು. ಶ್ವಾಸಕೋಶದೊಳಗಿನ ನೀರು ಇಂಗದೆ ಉಸಿರು ಏದುಸಿರಾಗಿ, ನಾಲ್ಕು ದಿನ ಎನ್‌ಐಸಿಯುವಿನ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಗಾಜಿನ ಆಚೆಯಿಂದ ಅವನನ್ನು ನೋಡಿದೆ. ಈಗ ಚೆನ್ನಾಗಿದ್ದಾನೆ. ಆ ನಾಲ್ಕು ದಿನ ಯಾವ ಮನೆಗೂ ಬೇಡ.

ಮರುಮಾತು: ಬಸವನಗುಡಿಯ ಓದುಗಿ

ತಾಯಿ ಕಾರ್ಡ್‌ನೊಳಗೆ ಮಡಿಸಿಟ್ಟಿದ್ದ ಹಳೆಯ ವರದಿ ಸಿಕ್ಕಿತು. ಹನ್ನೊಂದನೆಯ ವಾರದ ಸ್ಕ್ಯಾನ್ ಪ್ರಕಾರ ಮುಟ್ಟಿನ ಲೆಕ್ಕಕ್ಕಿಂತ ಒಂಬತ್ತು ದಿನ ಕಡಿಮೆ. ಅಂದರೆ ಇಂದಿಗೆ 35 ವಾರ 1 ದಿನ, ನಕ್ಷತ್ರದ ದಿನಕ್ಕೆ ಸರಿಯಾಗಿ 36. ಇದನ್ನು ಅತ್ತೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಾಗಾದರೆ ಬೇಡ ಎಂದರು.

ಉತ್ತರ: ಪ್ರಸೂತಿ ವೈದ್ಯೆ, ಮಲ್ಲೇಶ್ವರ

ಈ ವರದಿಯನ್ನು ನಾಳೆಯೇ ನಿಮ್ಮ ವೈದ್ಯರಿಗೆ ತೋರಿಸಿ, ಹೆರಿಗೆಯ ದಿನವನ್ನು ತಿದ್ದಿ ಬರೆಸಿಕೊಳ್ಳಿ. 39 ವಾರದ ಎಣಿಕೆ ಈ ತಿದ್ದಿದ ದಿನದ ಪ್ರಕಾರವೇ ಆಗಬೇಕು. ಸಕ್ಕರೆಯ ಮಟ್ಟವನ್ನು ತಪ್ಪದೆ ನೋಡುತ್ತಿರಿ. ಮಗುವಿನ ಮಿಸುಕಾಟ ಕಡಿಮೆಯಾದರೆ, ನೀರು ಹೋದರೆ ಅಥವಾ ರಕ್ತ ಕಂಡರೆ ಯಾವ ವಾರವೆಂದು ಲೆಕ್ಕಿಸದೆ ಕೂಡಲೇ ಆಸ್ಪತ್ರೆಗೆ ಹೊರಡಿ.