ಪದ ಬೇಕು (ಗುರುವಾರದೊಳಗೆ): ಡೈವೋರ್ಸಿನಲ್ಲಿ ಆಸ್ತಿ ಮತ್ತು ಸಾಲದ "ವಿಭಜನೆ" – ಮತ್ತೆ ಕೇಳ್ತಿದ್ದೀನಿ

ಬಳಗದ ಎಲ್ಲರಿಗೂ ನಮಸ್ಕಾರ.

ಡೈವೋರ್ಸ್ ಕರಾರಿನಲ್ಲಿ ಗಂಡ ಹೆಂಡತಿಯ ಆಸ್ತಿ, ಸಾಲ ಬೇರೆ ಮಾಡೋದಕ್ಕೆ ಕನ್ನಡದಲ್ಲಿ ಏನಂತ ಬರೀಬೇಕು ಅಂತ ಮೊನ್ನೆ ನಾನು ಕೇಳಿದ್ದಕ್ಕೆ ಹದಿನಾಲ್ಕು ಉತ್ತರ ಬಂದಿವೆ, ಅದರಲ್ಲಿ ಒಂಬತ್ತು ಮರಾಠಿಯಿಂದ ಕನ್ನಡ ಕೆಟ್ಟಿತೋ ಇಲ್ವೋ ಅನ್ನೋ ಜಗಳಕ್ಕೇ ಹೋಗಿವೆ. ನನಗೆ ಪದ ಇನ್ನೂ ಸಿಕ್ಕಿಲ್ಲ. ಗುರುವಾರ ಇಲ್ಲಿ ಪುಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ತಾರೀಖು ಇದೆ, ಪಕ್ಕದ ಮನೆ ಹುಡುಗಿ ಆ ಕರಾರಿಗೆ ಸಹಿ ಹಾಕಬೇಕು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಹಿಂದೂ ವಿವಾಹ ಕಾಯ್ದೆ 13ಬಿ ಕಲಂ ಅಡಿ ಅರ್ಜಿ ಹಾಕಿ ಆರು ತಿಂಗಳು ಕಾದಾಯ್ತು. ಕರಾರು ಇಂಗ್ಲಿಷಿನಲ್ಲಿದೆ, ಮರಾಠಿ ಪ್ರತಿಯೂ ಇದೆ, ಆದ್ರೆ ಅವಳಪ್ಪ ಇಂಡಿ ತಾಲೂಕಿನವರು, ಕನ್ನಡ ಬಿಟ್ರೆ ಬೇರೆ ಓದಲ್ಲ, ಪುಣೆಯ ವಾಕಡದಲ್ಲಿ ಗಂಡ ಹೆಂಡತಿ ಬ್ಯಾಂಕ್ ಸಾಲ ಮಾಡಿ ತಗೊಂಡ ಫ್ಲ್ಯಾಟಿಗೆ ಮುಂಗಡ ಕಟ್ಟೋವಾಗ ಎರಡೆಕರೆ ಹೊಲ ಮಾರಿ ದುಡ್ಡು ಕೊಟ್ಟವರು ಅವರೇ, ಓದಿ ತಿಳ್ಕೊಳ್ಳದೆ ಮಗಳ ಕೈಲಿ ಸಹಿ ಹಾಕಿಸಲ್ಲ ಅಂತ ಕೂತಿದ್ದಾರೆ. ಅದು ಅವರ ಹಕ್ಕು.

ಬಂದ ಪದಗಳನ್ನೆಲ್ಲ ಅವರ (ನಾನು ಕಾಕಾ ಅಂತೀನಿ) ಮುಂದೆ ಓದಿದೆ.

"ದಾಂಪತ್ಯ ಸಂಪತ್ತು ಹಾಗೂ ಋಣಗಳ ವಿಭಜನೆ" ಅಂತ ಸೂಚಿಸಿದವರಿಗೆ. ಕಾಕಾ "ಋಣ"ದ ಹತ್ರ ಬಂದು ನಿಂತ್ರು. ಕನ್ನಡಕ ತೆಗೆದು ಪಂಚೆ ತುದೀಲಿ ಒರೆಸ್ಕೊಂಡು "ಋಣಾ ಹರೀತು ಅಂತ ಬರದಾರೇನವಾ?" ಅಂದ್ರು. ಬ್ಯಾಂಕಿನ ಸಾಲದ ಮಾತು ಅಂತ ಅವರಿಗೆ ಹೊಳೀಲೇ ಇಲ್ಲ. ಅನ್ನದ ಋಣ, ಹಿಂದಿನ ಜನ್ಮದ ಋಣ, ಋಣಾನುಬಂಧ, ನಮ್ಮ ಜನ ಆ ಪದ ಬಳಸೋದು ಅಲ್ಲಿ. ಅದೂ ಮದುವೆ ಮುರಿಯೋ ಕಾಗದದಲ್ಲಿ "ಋಣ" ಅಂತ ಕಂಡ್ರೆ ಯಾವ ತಂದೆಯೂ ಇ‌ಎಂ‌ಐ ಅಂತ ಓದಲ್ಲ. ಸಾಲಕ್ಕೆ ಸಾಲ ಅಂತಲೇ ಬರೀರಿ.

"ಪಸುಗೆ" ಅಂದವರಿಗೆ. ಹಂಚಿಕೆ ಅನ್ನೋ ಅರ್ಥದ ಹಳಗನ್ನಡದ ಚಂದದ ಪದ, ನನಗೂ ಪ್ರೀತಿ ಇದೆ. ಈ ಕಾಗದಕ್ಕೆ ಆಗಲ್ಲ. ಕಾಕಾ ಅದನ್ನ ಪಸುವು, ದನದ ಲೆಕ್ಕ ಅಂದ್ಕೊಂಡ್ರು.

ಇನ್ನು "ವಾಟಣಿ", ಅಂದ್ರೆ ಆಸ್ತಿ ಪಾಲು ಮಾಡೋದು. ಈ ಪದಾನ ಕಾಕಾನೇ ತಾವಾಗಿ ಅಂದ್ರು, ಹಂಗಾಗಿ ನಾನೂ ಖುಷಿಪಟ್ಟೆ, ಅವರ ಟ್ರಂಕಿನಲ್ಲಿ ಅಣ್ಣತಮ್ಮಂದಿರ ವಾಟಣಿ ಪತ್ರ ಇವತ್ತಿಗೂ ಇದೆ. ಮರಾಠಿ ಪದ, ತೆಗೆದು ಹಾಕಿ ಅಂತ ಇಬ್ಬರು ಬರೆದಿದ್ದೀರಿ. ಒಪ್ಪಲ್ಲ. ವಿಜಾಪುರ, ಧಾರವಾಡ, ಬೆಳಗಾವಿ 1956ರವರೆಗೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ವು, ಅದಕ್ಕೂ ಮುಂಚೆ ಪೇಶ್ವೆ, ಅದಕ್ಕೂ ಮುಂಚೆ ಆದಿಲ್‌ಶಾಹಿ, ಹೊಲದ ಕಾಗದ ಬರೆದವರ ಮಾತು ಹೊಲ ಉಳೋರ ಬಾಯಿಗೆ ಬಂತು. ಅದರ ಬೇರು ಹುಡುಕಿದ್ರೆ ಸಂಸ್ಕೃತದ "ವಂಟ್" ಧಾತು, ಹಂಚು ಅನ್ನೋ ಅರ್ಥ, ಅಂದ್ರೆ "ವಿಭಜನೆ" ಇರಲಿ "ವಾಟಣಿ" ಬೇಡ ಅನ್ನೋರು ಒಂದೇ ಮನೆಯ ಅಕ್ಕನ್ನ ಇಟ್ಕೊಂಡು ತಂಗೀನ ಹೊರಗೆ ಹಾಕ್ತಿದ್ದೀರಿ. ಅರಬ್ಬಿ ಪಾರಸಿ ಪೂರ್ತಿ ಬೇಡ ಅಂದವರು ಈ ಕರಾರು ಪತ್ರಾನೇ ಬರೆದು ತೋರಿಸಿ: ಕರಾರು, ವಕೀಲ, ಅರ್ಜಿ, ರುಜು, ಜಾಮೀನು, ಬಾಕಿ, ವಸೂಲಿ, ತಕರಾರು, ಕಡೆಗೆ ನಾನು ಮೇಲೆ ಬರೆದ "ಹಕ್ಕು", ಎಲ್ಲ ಅಲ್ಲಿಂದಲೇ ಬಂದಿದ್ದು.

ಆದರೂ "ವಾಟಣಿ" ಬಿಡಬೇಕಾಯ್ತು, ಕಾರಣ ಮರಾಠಿ ಅಂತ ಅಲ್ಲ. ಕಾಕಾ ಕೇಳಿದ್ರು, "ವಾಟಣಿ ಅಂದ್ರ ಅರ್ಧಾ ಮನಿ ನಮ್ಮ ಹುಡುಗಿಗೆ ಬಂತಲ್ಲವಾ? ಸಾಲದ್ದೂ ವಾಟಣಿ ಆತಂದ್ರ ಬ್ಯಾಂಕಿನವ್ರು ಆಕಿ ಹಂತ್ಯಾಕ ಬರಂಗಿಲ್ಲ." ಎರಡೂ ತಪ್ಪು, ಆ ತಪ್ಪು ಅವರದಲ್ಲ, ಪದದ್ದು. ವಾಟಣಿ, ವಿಭಾಗ, ಪಾಲು ಇವೆಲ್ಲ ಮೊದಲೇ ಒಟ್ಟಾಗಿದ್ದ ಹಕ್ಕನ್ನ ಬೇರೆ ಮಾಡೋ ಪದಗಳು, ಕೂಡು ಕುಟುಂಬದವು. ಹಿಂದೂ ಕಾಯ್ದೆಯಲ್ಲಿ ಗಂಡ ಹೆಂಡತಿ ನಡುವೆ ಅಂಥಾ ಒಟ್ಟು ಆಸ್ತಿ ಅಂತಲೇ ಇಲ್ಲ. ಯಾರ ಹೆಸರಿನಲ್ಲಿದೆಯೋ ಅವರದು, ಇಬ್ಬರ ಹೆಸರಿನಲ್ಲಿದ್ರೆ ಇಬ್ಬರದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂನಲ್ಲಿ ಮದುವೆ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಯ ಮಾತಿದೆ, ಜೀವನಾಂಶ 25ರಲ್ಲಿ, ಅಷ್ಟೇ. ಸ್ತ್ರೀಧನ ಪೂರ್ತಿ ಅವಳದೇ ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ, ಅದನ್ನ ತಂದು "ದಾಂಪತ್ಯ ಸಂಪತ್ತು" ಅನ್ನೋ ಚೀಲಕ್ಕೆ ತುಂಬಬೇಡಿ ದಯವಿಟ್ಟು. ಅವಳ ಮೈಮೇಲಿನ ಬಂಗಾರ ಹಂಚೋ ಸಾಮಾನಲ್ಲ. ಇಲ್ಲದ ಆಸ್ತಿಗೆ ಒಂದು ಹೆಸರು ಕೊಟ್ಟ ತಕ್ಷಣ ಓದೋರು ಅದು ಇದೆ ಅಂತ ನಂಬ್ತಾರೆ, ನನ್ನ ಭಯ ಅದು.

ವಾಸ್ಕೋದಿಂದ ಬರೆದವರು "ಅರ್ಧಪಾಲು" ಅಂದಿದ್ದಾರೆ, ಗೋವಾದ ಮಟ್ಟಿಗೆ ಅವರು ಹೇಳಿದ್ದು ಸರಿ. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನಿಂದ ಬಂದ ಪದ್ಧತಿ, ಮದುವೆಗೆ ಮುಂಚೆ ಬೇರೆ ಕರಾರು ಮಾಡ್ಕೊಂಡಿಲ್ಲ ಅಂದ್ರೆ ಇಬ್ಬರ ಆಸ್ತಿಯೂ ಒಂದಾಗುತ್ತೆ, ಆಮೇಲೆ ಇಬ್ಬರಿಗೂ ಅರ್ಧರ್ಧ. 1961ರ ಆದಾಯ ತೆರಿಗೆ ಕಾಯ್ದೆಯಲ್ಲೂ ಅವರಿಗೋಸ್ಕರ 5ಎ ಅಂತ ಕಲಂ ಹಾಕಿ, ಸಂಬಳ ಬಿಟ್ಟು ಉಳಿದ ಆದಾಯ ಗಂಡ ಹೆಂಡತಿಗೆ ಸಮಪಾಲು ಅಂತ ಮಾಡಿದ್ರು. ಅಲ್ಲಿನ ಕಾಗದಕ್ಕೆ "ಅರ್ಧಪಾಲು" ಬರೆದ್ರೆ ಸುಳ್ಳಲ್ಲ. ಇಲ್ಲಿ ಪುಣೆಯಲ್ಲಿ ಬರೆದ್ರೆ ಸುಳ್ಳು.

ಹಂಗಾಗಿ ತಲೆಬರಹಕ್ಕೆ "ಗಂಡ ಹೆಂಡತಿ ನಡುವಿನ ಆಸ್ತಿ ಮತ್ತು ಸಾಲದ ಇತ್ಯರ್ಥ" ಅಂತ ಇಟ್ಟಿದ್ದೀನಿ. ಇತ್ಯರ್ಥ ಅಂದ್ರೆ ಕಾಕಾಗೂ ಗೊತ್ತು, ಊರಲ್ಲಿ ಬಾಂದು ಕಲ್ಲಿನ ಜಗಳ ಇತ್ಯರ್ಥ ಆಗುತ್ತಲ್ಲ ಅದೇ, ಅರ್ಧ ಅಂತಲೂ ಅನ್ನಲ್ಲ ಕಾಲು ಅಂತಲೂ ಅನ್ನಲ್ಲ. ಒಳಗೆ ಎಲ್ಲೂ ಸಾಲ ಹಂಚಿದ್ದೀವಿ ಅಂತ ಬರೆದಿಲ್ಲ, "ಸಾಲ ಕಟ್ಟುವ ಹೊಣೆ ಗಂಡನದು" ಅಂತ ಬರೆದಿದ್ದೀನಿ. ಯಾಕಂದ್ರೆ ಬ್ಯಾಂಕು ಈ ಕರಾರಿನಲ್ಲಿ ಇಲ್ಲ. ಅವರವರು ಏನೇ ಒಪ್ಕೊಂಡ್ರೂ ಸಾಲಪತ್ರದಲ್ಲಿ ಇವಳ ಸಹಿ ಇರೋವರೆಗೆ, ಬ್ಯಾಂಕು ಬರಹದಲ್ಲಿ ಅವಳ ಹೆಸರು ಬಿಡೋವರೆಗೆ, ಅವನು ಕಂತು ತಪ್ಪಿಸಿದ್ರೆ ಇವಳ ಹತ್ರ ಬರ್ತಾರೆ, ಪೂರ್ತಿ ಬಾಕಿಗೂ ಬರ್ತಾರೆ. ಅವಳು ಫ್ಲ್ಯಾಟಿನ ಹಕ್ಕು ಬಿಟ್ಟುಕೊಡ್ತಿದ್ದಾಳೆ, ಸಾಲದಲ್ಲಿ ಹೆಸರು ಉಳೀತಿದೆ. ಇದನ್ನ ಕೇಳಿ ಕಾಕಾ ಬಹಳ ಹೊತ್ತು ಸುಮ್ಮನೆ ಕೂತ್ರು, ಆಮೇಲೆ "ಮೊದಲ ಹೆಸರು ತಗಸ್ರಿ, ಆಮ್ಯಾಲ ಸಹಿ" ಅಂದ್ರು. ವಕೀಲರಿಗೆ ಇವತ್ತು ಅದನ್ನೇ ಹೇಳಿದ್ದೀವಿ.

ಈಗ ಉಳಿದಿರೋದು ಎರಡೇ ಪದ, ದಯವಿಟ್ಟು ಇದಕ್ಕಷ್ಟೇ ಉತ್ತರ ಕೊಡಿ.

ಒಂದು, ಕೋ-ಬಾರೋವರ್. "ಜಾಮೀನುದಾರ" ಅಂತ ಬರೀಬೇಡಿ, ಅದು ಗ್ಯಾರಂಟಿ ನಿಂತವರಿಗೆ, ಇವಳು ಸಾಲ ತಗೊಂಡವಳೇ. "ಸಹಸಾಲಗಾರ್ತಿ" ಅಂತ ಬರೆದು ಹೊಡೆದು ಹಾಕಿದ್ದೀನಿ, ನಾಲಿಗೆ ತಿರುಗಲ್ಲ. "ಜೊತೆ ಸಾಲಗಾರರು" ಅಂದ್ರೆ ನಡೆಯುತ್ತಾ? ಮುಂಬೈ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರು ಬಳಗದಲ್ಲಿ ಬಹಳ ಜನ ಇದ್ದೀರಿ, ನೀವು ಕೌಂಟರಿನಲ್ಲಿ ಏನಂತಿದ್ರಿ?

ಎರಡು, ಇಂಡೆಮ್ನಿಫೈ. ಬ್ಯಾಂಕು ಇವಳಿಂದ ವಸೂಲಿ ಮಾಡಿದ್ರೆ ಅಷ್ಟನ್ನೂ ಅವನು ಇವಳಿಗೆ ಕೊಡಬೇಕು ಅನ್ನೋ ಮಾತು. ನಾನು "ತುಂಬಿಕೊಡತಕ್ಕದ್ದು" ಅಂತ ಹಾಕಿದ್ದೀನಿ. "ನಷ್ಟಭರ್ತಿ" ಅಂತ ಒಬ್ಬರು ಫೋನಿನಲ್ಲಿ ಅಂದ್ರು, ಅದು ಅಪಘಾತದ ಪರಿಹಾರದ ಥರ ಕೇಳಿಸುತ್ತೆ ನನಗೆ.

ಬುಧವಾರ ರಾತ್ರಿ ಒಂಬತ್ತಕ್ಕೆ ಪ್ರಿಂಟ್ ತೆಗೀತೀನಿ, ಅದರೊಳಗೆ ಬರೀರಿ.